ಬೇಲಿಯ ಕೌಳಿ

ನಮ್ಮೂರಿನಲ್ಲಿ ಕೌಳಿಯನ್ನು ನೆಟ್ಟವರು ಯಾರೂ ಇಲ್ಲ. ಅಡಿಕೆ ನೆಟ್ಟರು, ತೆಂಗು ನೆಟ್ಟರು, ಅಂಗಳದ ಅಂಚಿಗೆ ದಾಸವಾಳ, ಅಬ್ಬಲಿಗೆ ನೆಟ್ಟರು. ಕೌಳಿ ತಾನಾಗಿಯೇ ಬಂದು ಬೇಲಿಯಲ್ಲಿ ನಿಂತಿತ್ತು. ಬಂದದ್ದನ್ನು ಕಡಿಯದೆ ಬಿಟ್ಟರು, ಹಿರಿಯರು ಮಾಡಿದ ಉಪಕಾರ ಅಷ್ಟೇ. ಅದೂ ಕೌಳಿಯ ಮೇಲಿನ ಪ್ರೀತಿಗಲ್ಲ, ದನದ ಮೇಲಿನ ಸಿಟ್ಟಿಗೆ.

ಸಾಗರ ತಾಲ್ಲೂಕಿನ ಹಳ್ಳಿ ನಮ್ಮದು. ಕಣಿವೆಯೊಳಗೆ ಅಡಿಕೆ ತೋಟ, ಅದರ ಕೆಳಗೆ ಗದ್ದೆ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ದನ ಮೇಯುವ ಬ್ಯಾಣ. ಮಲೆನಾಡು ಗಿಡ್ಡ ತಳಿಯ ದನ ಎಂದರೆ ಗಾತ್ರದಲ್ಲಿ ಸಣ್ಣದು, ಕಿತಾಪತಿಯಲ್ಲಿ ದೊಡ್ಡದು. ತಲೆ ತೂರುವಷ್ಟು ಕಂಡಿ ಸಿಕ್ಕರೆ ಮೈಯನ್ನೂ ತೂರಿಸಿಬಿಡುತ್ತದೆ. ಅದಕ್ಕೆ ಗಡಿಯುದ್ದಕ್ಕೂ ಅಗಳ ತೋಡಿ, ಆ ಮಣ್ಣನ್ನು ಒಳಮಗ್ಗುಲಿಗೆ ದಂಡೆಯಾಗಿ ಏರಿಸುತ್ತಿದ್ದರು. ದಂಡೆಯ ಮೇಲೆ ಬೇಲಿ ಬೆಳೆಯುತ್ತಿತ್ತು. ಕೌಳಿ, ಪರಿಗೆ, ಬಿಳಿ ಮುಳ್ಳುಹಣ್ಣು, ಕಾರೆ, ಲಕ್ಕಿ, ನಡುನಡುವೆ ಕತ್ತಾಳೆ. ಇವುಗಳಲ್ಲಿ ಕೌಳಿಯೇ ಗಟ್ಟಿ. ಬಯಲುಸೀಮೆಯವರು ಕವಳಿ ಎನ್ನುವುದೂ ಕರಾವಳಿಯವರು ಕರಂಡೆ ಎನ್ನುವುದೂ ಇದನ್ನೇ. ಗೆಣ್ಣಿಗೆರಡು ಮುಳ್ಳು, ಮುರಿದಲ್ಲೆಲ್ಲ ಹಾಲು, ದಪ್ಪ ಎಲೆ. ಹಾಲಿಗೂ ಮುಳ್ಳಿಗೂ ಹೆದರಿ ದನ ಬಾಯಿ ಹಾಕದು. ನೀರು ಕೇಳುವುದಿಲ್ಲ, ಗೊಬ್ಬರ ಕೇಳುವುದಿಲ್ಲ. ಕಡಿದರೆ ಬುಡದಿಂದ ಮತ್ತೆ ಹತ್ತು ಚಿಗುರು.

ಮಳೆಗಾಲಕ್ಕೆ ಮೊದಲು ಬೇಲಿ ಕೆಲಸ. ಬೇಸಿಗೆಯಲ್ಲಿ ದನ ಗದ್ದೆಗೂ ಇಳಿದು ಅಲ್ಲಲ್ಲಿ ಕಂಡಿ ಮಾಡಿಟ್ಟಿರುತ್ತಿದ್ದವು. ಅಪ್ಪಯ್ಯ ಆಳುಗಳ ಜೊತೆ ಕತ್ತಿ, ಕವೆಗೋಲು ಹಿಡಿದು ಹೋಗುತ್ತಿದ್ದ. ಗಾಡಿದಾರಿಗೆ ಚಾಚಿದ ಕೊಂಬೆಗಳನ್ನಷ್ಟೇ ಕಡಿದು, ಕಡಿದದ್ದನ್ನು ಕವೆಗೋಲಿನಿಂದ ಒತ್ತಿ ಕಂಡಿಗೆ ತುರುಕುವುದು. ಒಳಮಗ್ಗುಲಿಗೆ, ನೆತ್ತಿಗೆ ಕತ್ತಿ ತಾಗಿಸುತ್ತಿರಲಿಲ್ಲ. ತಾಗಿಸಲು ಪುರುಸೊತ್ತು ಇರಲಿಲ್ಲ ಎನ್ನುವುದು ಸರಿ. ಆ ಪುರುಸೊತ್ತು ಇಲ್ಲದ್ದೇ ಕೌಳಿಗೆ ಒಳ್ಳೆಯದಾಯಿತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಅದರ ಹೂ ಬರುವುದು ಕೊಂಬೆಯ ತುದಿಯಲ್ಲಿ. ತುದಿ ಕತ್ತರಿಸುತ್ತ ಹೋದರೆ ಗಿಡ ದಟ್ಟವಾಗಿ ಸೊಂಪಾಗಿ ಕಾಣುತ್ತದೆ, ಹೂ ಮಾತ್ರ ಇರುವುದಿಲ್ಲ. ಹೂವಿಲ್ಲದ ಮೇಲೆ ಹಣ್ಣೆಲ್ಲಿಯದು?

ಈ ಬೇಲಿಯನ್ನು ಪರಿಸರಪ್ರೇಮ ಎಂದು ಕರೆಯುವವರಿಗೆ ಇನ್ನೊಂದು ಸಂಗತಿ ಹೇಳಬೇಕು. ಕೌಳಿಮಟ್ಟಿ ನಿಂತಲ್ಲೇ ನಿಲ್ಲುವುದಿಲ್ಲ, ವರ್ಷಕ್ಕೊಂದು ಗೇಣು ಹೊರಕ್ಕೆ ಚಾಚುತ್ತದೆ. ಅದು ಚಾಚಿದಷ್ಟು ಬ್ಯಾಣ ಬೇಲಿಯ ಒಳಗೆ. ಬ್ಯಾಣದ ಕಡೆ ಚಾಚಿದ್ದನ್ನು ಕಡಿಯದೆ ಬಿಟ್ಟರೆ ಏಳೆಂಟು ಮಳೆಗಾಲದಲ್ಲಿ ಬೇಲಿ ಒಂದು ಮಾರು ನಡೆದಿರುತ್ತದೆ. ಊರಿನಲ್ಲಿ ಇದು ಎಲ್ಲರಿಗೂ ಗೊತ್ತು, ಎಲ್ಲರೂ ಮಾಡುತ್ತಿದ್ದರು, ಎಲ್ಲರೂ ಪಕ್ಕದವನು ಮಾಡುತ್ತಾನೆ ಎಂದು ಬೈಯುತ್ತಿದ್ದರು. ಪಂಚಾಯ್ತಿಗೆ ಬಂದ ಜಗಳಗಳಲ್ಲಿ ದೊಡ್ಡ ಪಾಲು ಬೇಲಿಯದೇ. ಹಕ್ಕಿಗಳಿಗೆ ಸಿಕ್ಕ ಆ ಹಸಿರು ಓಣಿ ಅರ್ಧ ದನಕ್ಕೆ ಹೆದರಿ ಎದ್ದದ್ದು, ಅರ್ಧ ಒತ್ತುವರಿಯ ಆಸೆಯಿಂದ ಎದ್ದದ್ದು.

ಶಿವರಾತ್ರಿಯ ಹೊತ್ತಿಗೆ ಹೂ. ಮಲ್ಲಿಗೆಯ ಹಾಗೆ ಬೆಳ್ಳಗೆ, ಸಂಜೆಗೆ ಪರಿಮಳ ಜಾಸ್ತಿ. ಯುಗಾದಿ ದಾಟಿದ ಮೇಲೆ ಕಾಯಿ. ಅಮ್ಮ ಉಪ್ಪಿನಕಾಯಿಗೆ ಎಳೆಕಾಯನ್ನೇ ಕೇಳುತ್ತಿದ್ದಳು, ಬೀಜ ಬಲಿತರೆ ಒಗರು. ಕಾಯಿ ಹೆಚ್ಚಿದ ಈಳಿಗೆಮಣೆಗೆ ಸೊನೆ ಮೆತ್ತಿಕೊಂಡರೆ ಎಣ್ಣೆ ಹಚ್ಚಿ ಉಜ್ಜದೆ ಬಿಡುತ್ತಿರಲಿಲ್ಲ. ಹೆಚ್ಚಿದ ಹೋಳನ್ನು ಉಪ್ಪುನೀರಿಗೆ ಹಾಕಿ ಸೊನೆ ಬಿಡಿಸಬೇಕು. ಮೇ ಕೊನೆಯಲ್ಲಿ, ರೋಹಿಣಿ ಮಳೆಯ ಹೊತ್ತಿಗೆ ಹಣ್ಣು. ಮೊದಲು ಕೆಂಪು, ಆಮೇಲೆ ಕಡುನೇರಳೆ, ಪೂರ್ತಿ ಹಣ್ಣಾದದ್ದು ಕಪ್ಪು. ಮೃಗಶಿರಾ ಹಿಡಿದು ಹೊಯ್ಯತೊಡಗಿದರೆ ಹಣ್ಣು ನೀರುನೀರಾಗಿ ಉದುರಿ ಮುಗಿಯುತ್ತಿತ್ತು. ಅಂದರೆ ಶಾಲೆಯ ರಜೆ ಮುಗಿಯುವುದೂ ಹಣ್ಣು ಮುಗಿಯುವುದೂ ಒಟ್ಟಿಗೇ.

ಸಾಗುವಾನಿ ಎಲೆಯ ಕೊಟ್ಟೆ ಮಾಡಿ ಹಣ್ಣು ತುಂಬಿ ಕುಳಿತರೆ ಆಟ. ಒಬ್ಬ ಹಣ್ಣು ಹಿಡಿದು ಕೇಳಬೇಕು: ಹುಂಜವೋ ಹೇಂಟೆಯೋ? ಇನ್ನೊಬ್ಬ ಹೇಳಿದ ಮೇಲೆ ಕಚ್ಚಿ ತೋರಿಸಬೇಕು. ಒಳಗೆ ಕೆಂಪಾಗಿದ್ದರೆ ಹುಂಜ, ಬೆಳ್ಳಗಿದ್ದರೆ ಹೇಂಟೆ. ಸೋತವನು ತನ್ನ ಕೊಟ್ಟೆಯಿಂದ ಒಂದು ಹಣ್ಣು ಕೊಡಬೇಕು. ಗಡಿಯಾಚೆ ಮರಾಠಿ ಮಕ್ಕಳೂ ಇದೇ ಹಣ್ಣಿಗೆ ಇದೇ ಹುಂಜ–ಕೋಳಿಯ ಆಟ ಆಡುತ್ತಾರೆ. ತುಟಿಗೆ ಅಂಟು, ಅಂಗಿಗೆ ಕಲೆ, ಕಾಲಿಗೆ ಮುಳ್ಳು. ಕೌಳಿಮುಳ್ಳು ಚುಚ್ಚಿದರೆ ಸುಮ್ಮನೆ ಬರುವುದಿಲ್ಲ, ತುದಿ ಒಳಗೇ ಮುರಿದು ಕೀವಾಗಿಯೇ ಬರುವುದು. ಊರಿನ ಬಡವರ ಮನೆ ಹುಡುಗರಿಗೆ ಇದು ಆಟವಾಗಿರಲಿಲ್ಲ. ಅವರು ಬುಟ್ಟಿ ತುಂಬಿಸಿ ಸಾಗರದ ಬಸ್‌ಸ್ಟ್ಯಾಂಡಿನ ಹತ್ತಿರ ಲೋಟದ ಲೆಕ್ಕದಲ್ಲಿ ಮಾರಿ, ಶಾಲೆಯ ಪಾಟಿ–ಪುಸ್ತಕಕ್ಕೆ ಹಣ ಮಾಡಿಕೊಳ್ಳುತ್ತಿದ್ದರು. ಒಂದೇ ಮಟ್ಟಿಯಿಂದ ನಾವು ತಿಂದೆವು, ಅವರು ಮಾರಿದರು. ಉಳಿದದ್ದು ಹಕ್ಕಿಗೆ.

ಉಳಿದದ್ದು ಎಂದರೆ ಕಡಿಮೆಯಲ್ಲ. ಮಟ್ಟಿಯ ಒಳಗಿನ ಹಣ್ಣಿಗೆ ಯಾವ ಹುಡುಗನ ಕೈಯೂ ತಲುಪುತ್ತಿರಲಿಲ್ಲ.

ಹೊರಗಿನಿಂದ ನೋಡಿದರೆ ಕೌಳಿಮಟ್ಟಿ ಬರೀ ಹಸಿರು ಗುಪ್ಪೆ. ಅಗಳಕ್ಕೆ ಇಳಿದು, ಮೊಣಕಾಲೂರಿ, ಕೆಳಗಿನಿಂದ ಒಳಗೆ ನೋಡಬೇಕು. ಎಲೆ ಇರುವುದು ಹೊರಮೈಯಲ್ಲಿ ಒಂದು ಮೊಳದಷ್ಟು ಮಾತ್ರ. ಒಳಗೆ ಬೋಳು ಕೊಂಬೆಗಳು, ಒಂದರ ಮೇಲೊಂದು ಹೆಣೆದುಕೊಂಡ ಹಳೆಯ ಮುಳ್ಳು, ನೆಲದಲ್ಲಿ ತರಗು. ಜಡಿಮಳೆಯಲ್ಲೂ ಆ ತರಗು ಪೂರ್ತಿ ಒದ್ದೆಯಾಗುತ್ತಿರಲಿಲ್ಲ. ಎದೆಮಟ್ಟದಲ್ಲಿ, ಮೂರು ಕೊಂಬೆ ಕೂಡುವಲ್ಲಿ ಬಟ್ಟಲಿನಂಥ ಗೂಡು. ಪುಸ್ತಕದವರು ಪಿಕಳಾರ ಎನ್ನುವ, ನಾವು ಬುಲ್‌ಬುಲ್ ಎಂದೇ ಕರೆಯುವ ಹಕ್ಕಿಯದು. ಸಣ್ಣ ಬೇರು, ಒಣಗಿದ ಹುಲ್ಲುಕಡ್ಡಿ, ಅಲ್ಲಲ್ಲಿ ಜೇಡನ ಬಲೆಯ ಮೆತ್ತಿಗೆ. ಒಳಗೆ ತಿಳಿಗುಲಾಬಿ ಬಣ್ಣದ ಮೊಟ್ಟೆ, ಮೈತುಂಬ ಕೆಂಗಂದು ಚುಕ್ಕೆ. ಕೆಂಬೂತ ಮೊಟ್ಟೆ ಕದಿಯುವುದರಲ್ಲಿ ಪಳಗಿದ ಹಕ್ಕಿ. ಅದು ಮಟ್ಟಿಯ ನೆತ್ತಿಗೆ ಬಂದು ಕೂತು, ಕಾಲೂರಲು ಜಾಗ ಸಿಗದೆ ರೆಕ್ಕೆ ಬಡಿದು, ಇಳಿದು ಬುಡದಿಂದ ನುಗ್ಗಲು ನೋಡುತ್ತಿತ್ತು. ಮೇಲಿನಿಂದ ಎರಡೂ ಬುಲ್‌ಬುಲ್ ಒಂದೇ ಸಮನೆ ಕೂಗುತ್ತಿದ್ದವು. ಕೆಲವು ಸಲ ಕೆಂಬೂತ ಗೆಲ್ಲುತ್ತಿತ್ತು, ಕೇರೆಹಾವು ಅದಕ್ಕಿಂತ ಹೆಚ್ಚು ಸಲ ಗೆಲ್ಲುತ್ತಿತ್ತು. ಬೆಕ್ಕು ಗೆದ್ದದ್ದನ್ನು ನಾನು ನೋಡಿಲ್ಲ.

ನೆಲದ ಪಾಲುದಾರರು ಬೇರೆ. ಗೌಜಲಕ್ಕಿ, ಮುಂಗುಸಿ, ಮೊಲ. ನರಿಯೂ ಹಣ್ಣು ತಿನ್ನುತ್ತದೆ ಎನ್ನುವುದಕ್ಕೆ ಬ್ಯಾಣದ ಕಲ್ಲಿನ ಮೇಲೆ ಅದು ಬಿಟ್ಟುಹೋದ, ಬೀಜ ತುಂಬಿದ ಹಿಕ್ಕೆಯೇ ಸಾಕ್ಷಿ. ಹಾವಿರಾಣಿ, ಚೇಳು ಎಲ್ಲವೂ ಇದ್ದವು. ಕೊಳಕುಮಂಡಲವೂ ಇತ್ತು. ಇದನ್ನು ಬಿಟ್ಟು ಬರೀ ಬುಲ್‌ಬುಲ್ ಕಥೆ ಹೇಳಿದರೆ ಅರ್ಧ ಸುಳ್ಳಾದೀತು. ಮಂಗನ ಕಾಯಿಲೆಯ ಹೆದರಿಕೆ ಬೇರೆ. ನಮಗೆ ಆ ಹೆದರಿಕೆ ದೂರದ್ದಲ್ಲ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲೇ 1957ರಲ್ಲಿ ಅದು ಪತ್ತೆಯಾದದ್ದು, ಊರಿನ ಹೆಸರನ್ನೇ ಲೋಕಕ್ಕೆ ಹಂಚಿದ್ದು. ಉಣುಗು ಕಚ್ಚಿ ಬರುವ ಕಾಯಿಲೆ ಎಂದು ಗೊತ್ತಾದ ಮೇಲೆ ಮನೆ ಹತ್ತಿರದ ಪೊದೆಯನ್ನೆಲ್ಲ ಸವರಿ ಹಾಕುವವರನ್ನು ಯಾವ ಬಾಯಲ್ಲಿ ಬೇಡ ಎನ್ನುವುದು?

ತಂತಿ ಬಂದದ್ದು ಯಾವ ವರ್ಷ ಎಂದು ಯಾರೂ ಬರೆದಿಟ್ಟಿಲ್ಲ. ಮುಳ್ಳುತಂತಿಗೆ ಅಮೆರಿಕದ ಜೋಸೆಫ್ ಗ್ಲಿಡನ್ 1874ರಲ್ಲಿ ಪೇಟೆಂಟ್ ಪಡೆದ. ನಮ್ಮ ಅಗಳದ ದಂಡೆ ತಲುಪಲು ಅದಕ್ಕೆ ಸುಮಾರು ನೂರು ವರ್ಷ ಹಿಡಿಯಿತು. ಮೊದಲು ಕಲ್ಲುಕಂಬ, ಆಮೇಲೆ ಸಿಮೆಂಟ್ ಕಂಬ. ಈಗ ಮಂಗ, ಕಾಡುಹಂದಿಗಳ ಕಾಟಕ್ಕೆ ಸೋಲಾರ್ ಬೇಲಿ. ಬೇಲಿ ಕಟ್ಟಲು ಆಳು ಸಿಗುವುದಿಲ್ಲ, ಸಿಕ್ಕರೂ ಕೌಳಿಮುಳ್ಳಿಗೆ ಕೈ ಹಾಕುವವರು ಇಲ್ಲ. ಬ್ಯಾಣಕ್ಕೆ ಹೋಗುವ ಗಿಡ್ಡ ದನಗಳ ಜಾಗಕ್ಕೆ ಕೊಟ್ಟಿಗೆಯಲ್ಲೇ ನಿಲ್ಲುವ ಜರ್ಸಿ ಬಂತು. ತೂರುವ ದನವೇ ಇಲ್ಲದ ಮೇಲೆ ತೂರಲಾಗದ ಬೇಲಿ ಏಕೆ? ಜೆಸಿಬಿ ಒಂದು ದಿನದಲ್ಲಿ ಮಾಡುವ ಕೆಲಸ ಅಪ್ಪಯ್ಯನ ಕಾಲದಲ್ಲಿ ಒಂದು ಬೇಸಿಗೆಯದು. ದಂಡೆ ಸಮಮಾಡಿ, ಅಗಳ ಮುಚ್ಚಿ, ಗಾಡಿದಾರಿಯನ್ನು ಅಗಲ ಮಾಡಿದರು. ಅಪ್ಪಯ್ಯನೇ ಬದುಕಿದ್ದಿದ್ದರೂ ತಂತಿಯನ್ನೇ ಎಳೆಸುತ್ತಿದ್ದ. ನಾನು ಅಲ್ಲಿ ಉಳಿದಿದ್ದರೂ ಅಷ್ಟೇ.

ಬೇಲಿಗೆ ಕೌಳಿಯನ್ನು ಬಳಸುವುದು ನಮ್ಮ ಮಲೆನಾಡಿನ ಬುದ್ಧಿ ಎಂದುಕೊಂಡಿದ್ದೆ. ಉತ್ತರದ ಕಡೆ ಅದಕ್ಕೆ ಇನ್ನೂ ದೊಡ್ಡ, ಇನ್ನೂ ಕೆಟ್ಟ ಕೆಲಸ ಕೊಟ್ಟಿದ್ದರು. ಬ್ರಿಟಿಷರು ಉಪ್ಪಿನ ಸುಂಕ ತಪ್ಪಿಸಿ ಸಾಗಿಸುವವರನ್ನು ತಡೆಯಲು ಪಂಜಾಬಿನಿಂದ ಮಧ್ಯ ಪ್ರಾಂತ್ಯದವರೆಗೆ ನೂರಾರು ಮೈಲಿ ಜೀವಂತ ಮುಳ್ಳುಬೇಲಿ ಬೆಳೆಸಿದ್ದರು. ಜಾಲಿ, ಬಾರೆ, ಕಳ್ಳಿಗಳ ಜೊತೆಗೆ ಕೌಳಿ. ಕೆಲವೆಡೆ 12 ಅಡಿ ಎತ್ತರ, 14 ಅಡಿ ದಪ್ಪ. 1867ರಿಂದ 1870ರವರೆಗೆ ಆ ಸುಂಕದ ಇಲಾಖೆಯ ಕಮಿಷನರ್ ಆಗಿದ್ದು ಬೇಲಿಯನ್ನು ಬಲಪಡಿಸಿದವನು ಅಲನ್ ಆಕ್ಟೇವಿಯನ್ ಹ್ಯೂಮ್. 1885ರಲ್ಲಿ ಕಾಂಗ್ರೆಸ್ ಹುಟ್ಟುಹಾಕಿದವರಲ್ಲಿ ಮುಂದೆ ನಿಂತವನೂ ಅವನೇ, ಭಾರತದ ಹಕ್ಕಿಶಾಸ್ತ್ರದ ಪಿತಾಮಹ ಎನಿಸಿಕೊಂಡವನೂ ಅವನೇ. ಬಡವರ ಬಾಯಿಯ ಉಪ್ಪನ್ನು ತಡೆಯಲು ಅವನು ಬೆಳೆಸಿದ ಬೇಲಿಯಲ್ಲಿ ಎಷ್ಟು ಜಾತಿಯ ಹಕ್ಕಿಗಳು ಗೂಡು ಕಟ್ಟಿದವೋ. 1879ರಲ್ಲಿ ಸುಂಕದ ಗಡಿಯನ್ನು ರದ್ದು ಮಾಡಿದರು, ಬೇಲಿಯನ್ನು ನೋಡಿಕೊಳ್ಳುವವರು ಇಲ್ಲವಾದರು, ಹಾಳಾಯಿತು. ರಾಯ್ ಮಾಕ್ಸಮ್ ಎಂಬಾತ ಅದರ ಅವಶೇಷ ಹುಡುಕಿಕೊಂಡು ಬಂದು 2001ರಲ್ಲಿ ಒಂದು ಪುಸ್ತಕ ಬರೆಯುವವರೆಗೆ ಹೆಚ್ಚಿನವರಿಗೆ ಅದರ ನೆನಪೂ ಇರಲಿಲ್ಲ.

ನಮ್ಮೂರಿನಲ್ಲಿ ಕೌಳಿ ಹೋದ ಜಾಗ ಖಾಲಿ ಉಳಿಯಲಿಲ್ಲ. ಲಂಟಾನ ಬಂದು ಕೂತಿತು. ಅದೂ ಒಂದು ಕಾಲಕ್ಕೆ ತೋಟದ ಚೆಂದಕ್ಕೆಂದು ಅಮೆರಿಕ ಖಂಡದಿಂದ ತಂದ ಗಿಡವೇ, ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ. ಅಲ್ಲಿಂದ ಅದನ್ನು ಊರೂರಿಗೆ ಹಂಚಿದ್ದರಲ್ಲಿ ದೊಡ್ಡ ಪಾಲು ಹಕ್ಕಿಗಳದು. ನಮ್ಮ ಬುಲ್‌ಬುಲ್‌ಗೆ ಸ್ವದೇಶಿ ವ್ರತವೇನೂ ಇಲ್ಲ. ಲಂಟಾನದ ಹಣ್ಣನ್ನೂ ಅಷ್ಟೇ ಖುಷಿಯಾಗಿ ತಿಂದು, ಹೋದಲ್ಲೆಲ್ಲ ಬೀಜ ಉದುರಿಸಿತು. ಹಾಗಾದರೆ ಲಂಟಾನ ಇದ್ದರೇನು, ಕೌಳಿ ಇದ್ದರೇನು ಎಂದು ಕೇಳುವವರಿದ್ದಾರೆ. ವ್ಯತ್ಯಾಸ ತಿಳಿಯಬೇಕಾದರೆ ಬುಡ ನೋಡಬೇಕು. ಕೌಳಿಯ ನೆರಳಿನಲ್ಲಿ ಕಾರೆ, ಪರಿಗೆ, ಬಿಕ್ಕೆ, ಒಂದೊಂದು ಕಾಡುಮರದ ಸಸಿ ಏಳುತ್ತಿದ್ದವು. ದನದ ಬಾಯಿಂದ ತಪ್ಪಿಸಿಕೊಂಡು ಮುಳ್ಳಿನ ಮರೆಯಲ್ಲೇ ಅವು ಮರವಾಗುತ್ತಿದ್ದವು. ಬೇಲಿಸಾಲಿನ ಹೊನ್ನೆ, ಮತ್ತಿ ಹಾಗೆ ಎದ್ದವು. ಲಂಟಾನ ಮೇಲೆ ಹರಡಿಕೊಂಡರೆ ಕೆಳಗೆ ಲಂಟಾನವೇ.

ನಾನೀಗ ಶಿವಮೊಗ್ಗದಲ್ಲಿದ್ದೇನೆ. ಮೇಷ್ಟ್ರ ಕೆಲಸ ಮುಗಿಸಿ ಕಟ್ಟಿದ ಮನೆ, ಹಿಂದೆ ಒಂದಿಷ್ಟು ಜಾಗ. ಕಾಂಪೌಂಡಿಗೆ ಬೇಲಿಗಿಡ ಬೇಕು ಎಂದು ನರ್ಸರಿಗೆ ಹೋದರೆ ಕೊಡುವುದು ಡುರಾಂಟ. ಕೌಳಿ ಕೇಳಿದರೆ ಬಣ್ಣದ ಹಣ್ಣಿನ, ಸಿಹಿಯಾದ, ಕಸಿ ಮಾಡಿದ ಕರೋಂಡ ಇದೆ ಎನ್ನುತ್ತಾರೆ. ನನಗೆ ಬೇಕಾದದ್ದು ಹುಳಿ, ಒಗರು, ಕಪ್ಪು ಹಣ್ಣಿನ ಕಾಡು ಕೌಳಿ. ಅದನ್ನು ಕೇಳಿದ್ದಕ್ಕೆ ನರ್ಸರಿಯ ಹುಡುಗ, “ಅದು ಕಾಡಲ್ಲಿ ಬೆಳೆಯೋದಲ್ವಾ ಸಾರ್, ಅದಕ್ಕೆ ಯಾಕೆ ದುಡ್ಡು ಕೊಡ್ತೀರಿ?” ಎಂದ. ಸರಿಯಾದ ಪ್ರಶ್ನೆ. ಊರಿನಿಂದ ಹಣ್ಣು ತರಿಸಿದೆ.

ಕೌಳಿ ಬೀಜಕ್ಕೆ ಕಾಯುವ ಗುಣವಿಲ್ಲ. ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತುತ್ತೇನೆ ಎಂದರೆ ಆಗದು. ಹಣ್ಣು ಕಿವುಚಿ, ಬೀಜವನ್ನು ಅಂಟು ಹೋಗುವಂತೆ ತೊಳೆದು, ನೆರಳಿನಲ್ಲಿ ನೀರಾರಿಸಿ, ಅದೇ ವಾರ ಚೀಲದ ಮಣ್ಣಿಗೆ ಹಾಕಿದರೆ ಮೊಳಕೆ ಗ್ಯಾರಂಟಿ. ಕೊಂಬೆ ಕತ್ತರಿಸಿ ನೆಟ್ಟರೆ ಬೇರು ಹಿಡಿಯುವುದು ಕಷ್ಟ. ಸಸಿ ಗೇಣುದ್ದ ಆಗುವುದಕ್ಕೇ ಒಂದು ವರ್ಷ. ಮರುವರ್ಷ ಮಳೆ ಶುರುವಾಗುವಾಗ ಎರಡರಿಂದ ಮೂರು ಅಡಿಗೊಂದರಂತೆ ನೆಟ್ಟೆ. ಮೊದಲ ಎರಡು ಬೇಸಿಗೆ ನೀರು, ಆಮೇಲೆ ಏನೂ ಇಲ್ಲ. ನೆಟ್ಟು ಮೂರು ನಾಲ್ಕು ವರ್ಷಕ್ಕೆ ಹೂ. ಹಕ್ಕಿಗಳಿಗೆ ಹಣ್ಣಿಗಿಂತ ಮೊದಲು ಒಳಗಿನ ಜಾಗ ಹಿಡಿಸಿತು. ಮನೆಬೆಕ್ಕು ಅಟ್ಟಿಸಿಕೊಂಡು ಬಂದರೆ ರಾಟವಾಳಗಳ ಹಿಂಡು ಸೀದಾ ಮಟ್ಟಿಯೊಳಗೆ. ಸಿಂಪಿಗ ಹಕ್ಕಿಗೆ ಕೌಳಿಯ ಸಣ್ಣ, ದಪ್ಪ ಎಲೆ ಹೊಲಿಯಲು ಬಾರದು. ಅದು ಗೂಡನ್ನು ಪಕ್ಕದ ಅಂಜೂರದ ಎಲೆಯಲ್ಲಿ ಹೊಲಿದುಕೊಂಡಿತು, ಹುಳ ಹೆಕ್ಕಲು ಮಾತ್ರ ಇಲ್ಲಿಗೇ ಬರುತ್ತದೆ. ಕೌಳಿ ಕಣಗಿಲೆಯ ಕುಟುಂಬದ ಗಿಡ. ಕಣಗಿಲೆ, ನಂದಿಬಟ್ಟಲು ತಿನ್ನುವ ದೊಡ್ಡ ಹಸಿರು ಕಂಬಳಿಹುಳು, ಹೆಗಲ ಮೇಲೆ ನೀಲಿ ಕಣ್ಣಿನಂಥ ಎರಡು ಗುರುತು ಇರುವುದು, ಇದರ ಚಿಗುರನ್ನೂ ತಿನ್ನುತ್ತದೆ. ಔಷಧಿ ಹೊಡೆಯದೆ ಬಿಟ್ಟರೆ ಅದು ಹಸಿರು ಪತಂಗವಾಗಿ ಹಾರುತ್ತದೆ, ಇಲ್ಲವೇ ಯಾವುದಾದರೂ ಹಕ್ಕಿಯ ಮರಿಗೆ ಊಟವಾಗುತ್ತದೆ. ಎರಡಾದರೂ ನನಗೆ ನಷ್ಟವಿಲ್ಲ.

ಪಕ್ಕದ ಮನೆಯವರಿಗೆ ಬೇಲಿ ನೀಟಾಗಿ ಕಾಣಬೇಕು. “ಮೇಷ್ಟ್ರೇ, ನಮ್ಮ ಹುಡುಗ ಮಷಿನ್ ತಂದಿದಾನೆ, ನಿಮ್ಮದೂ ಒಂದು ಲೆವೆಲ್ ಮಾಡಿಕೊಡ್ತಾನೆ” ಎಂದು ಅವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಬೇಡ ಎಂದೆ. ರಸ್ತೆಯ ಕಡೆ ಮಕ್ಕಳಿಗೆ ತಾಗುವ ಮುಳ್ಳನ್ನು ಜುಲೈನಲ್ಲಿ, ಹಣ್ಣು ಮುಗಿದ ಮೇಲೆ ನಾನೇ ಕತ್ತರಿಸುತ್ತೇನೆ. ಉಳಿದ ಮೂರು ಮಗ್ಗುಲು ಅದರ ಇಷ್ಟ. ಮೂರು ಮಗ್ಗುಲನ್ನು ಬಿಟ್ಟುಕೊಡುವಷ್ಟು ಜಾಗ ಇಲ್ಲದವರು ಕೌಳಿ ನೆಡಬಾರದು. ಡುರಾಂಟದ ಹಾಗೆ ಇದನ್ನೂ ಪೆಟ್ಟಿಗೆಯಾಕಾರಕ್ಕೆ ಕತ್ತರಿಸಿ, ಹಕ್ಕಿಗೆಂದು ದೇಶಿ ಗಿಡ ಬೆಳೆಸಿದ್ದೇನೆ ಎಂದು ಹೇಳಿಕೊಳ್ಳುವುದು ವ್ಯರ್ಥ.

ಇಷ್ಟಕ್ಕೆಲ್ಲ ದೊಡ್ಡ ಮಾತು ಬೇಡ. ಒಂದು ಸೈಟಿನ ಕೌಳಿಯಿಂದ ಗೌಜಲಕ್ಕಿ ಬರಲಿಲ್ಲ, ಮೊಲ ಬರಲಿಲ್ಲ, ನರಿಯ ಮಾತೇ ಇಲ್ಲ. ಅವಕ್ಕೆ ಒಂದು ಮಟ್ಟಿ ಸಾಲದು, ಬೆಟ್ಟದಿಂದ ಗದ್ದೆಯವರೆಗೆ ಕಡಿಯದ ಬೇಲಿ ಬೇಕು. ಪೇಟೆಯ ಮಕ್ಕಳಿಗೆ ಹುಂಜ–ಹೇಂಟೆ ಹೇಳಿಕೊಟ್ಟೆ. ಒಂದು ಸಲ ಕಚ್ಚಿ ಮುಖ ಹಿಂಡಿಕೊಂಡು ಓಡಿದರು. ಬೇಕರಿಯ ಕೇಕಿನ ಮೇಲಿನ ಕೆಂಪು ಚೆರ್ರಿ ಎಷ್ಟೋ ಸಲ ಬಣ್ಣ, ಸಕ್ಕರೆಪಾಕದಲ್ಲಿ ಅದ್ದಿದ ಇದೇ ಕೌಳಿಕಾಯಿ ಎಂದರೆ ಅವರು ನಂಬುವುದಿಲ್ಲ.

ಊರಿನಲ್ಲಿ ಈಗ ತಮ್ಮ ಇದ್ದಾನೆ. ಹೋದಾಗಲೆಲ್ಲ ಅವನ ತಂತಿಬೇಲಿಯ ಉದ್ದಕ್ಕೂ ನಡೆಯುತ್ತೇನೆ. ಕಂಬದ ತಲೆಯ ಮೇಲೆ ಬುಲ್‌ಬುಲ್ ಕೂರುತ್ತದೆ, ಹಿಕ್ಕೆ ಹಾಕುತ್ತದೆ. ಸೊಪ್ಪಿನ ಬೆಟ್ಟದಲ್ಲಿ ಉಳಿದ ಕೌಳಿಯ ಹಣ್ಣು ತಿಂದು ಬಂದದ್ದಾದರೆ ಹಿಕ್ಕೆಯಲ್ಲಿ ಬೀಜ ಇರುತ್ತದೆ. ಜುಲೈ–ಆಗಸ್ಟ್‌ನಲ್ಲಿ ಬಗ್ಗಿ ನೋಡಿದರೆ ಕಂಬದ ಬುಡದಲ್ಲಿ ಎದುರುಬದುರು ಎಲೆಯ ಪುಟ್ಟ ಸಸಿಗಳು, ಕೆಲವಕ್ಕೆ ಆಗಲೇ ಎಳೆಮುಳ್ಳು. ಹೋದ ಬೇಲಿಯನ್ನು ಹಕ್ಕಿ ಸಂಬಳವಿಲ್ಲದೆ ಪ್ರತಿ ವರ್ಷ ಮತ್ತೆ ನೆಡುತ್ತಿದೆ. ಸೆಪ್ಟೆಂಬರಿನಲ್ಲಿ ಕಳೆ ಹೊಡೆಯುವ ಮಷಿನ್ ಬಂದು ಎಲ್ಲವನ್ನೂ ನೆಲಮಟ್ಟಕ್ಕೆ ಸವರುತ್ತದೆ, ಕೆಲವು ಕಡೆ ಕಳೆನಾಶಕ. ತಮ್ಮನಿಗೆ ಹೇಳಿದೆ. “ಮಷಿನ್ ಹಿಡಿಯೋನಿಗೆ ಕೌಳಿ ಯಾವುದು ಲಂಟಾನ ಯಾವುದು ಅಂತ ಗೊತ್ತಾಗ್ಬೇಕಲ್ಲ ಅಣ್ಣ” ಎಂದ. ಅದೂ ನಿಜವೇ. ಆದರೂ ಈ ಸಲ ಬ್ಯಾಣದ ಕಡೆಯ ಕಂಬಗಳ ಬುಡ ಬಿಟ್ಟು ಹೊಡೆಯಲು ಹೇಳಿ, ಲಂಟಾನ ಎದ್ದರೆ ಕೈಯಲ್ಲಿ ಕಿತ್ತಿದ್ದಾನೆ.

ಹಳ್ಳಿಯಲ್ಲಿ ತಂತಿಬೇಲಿ ಇರುವವರಿಗೆ ನನ್ನ ಕೋರಿಕೆ ಇಷ್ಟೇ. ತಂತಿ ತೆಗೆಯಬೇಡಿ, ಅದು ಆಗುವ ಮಾತಲ್ಲ. ಮನೆಯಿಂದ, ಕೊಟ್ಟಿಗೆಯಿಂದ ದೂರ ಇರುವ ಕಡೆ, ಕಂಬದ ಸುತ್ತ ಎರಡಡಿ ಬಿಟ್ಟು ಮಷಿನ್ ಹೊಡೆಸಿ. ಎದುರುಬದುರು ಎಲೆ, ಜೋಡಿ ಮುಳ್ಳು, ಚಿವುಟಿದರೆ ಹಾಲು: ಈ ಮೂರೂ ಇದ್ದರೆ ಅದು ಕೌಳಿ. ಕಡಿಯಬೇಡಿ.